ಪಿಕಪ್‌ನ ಇಗ್ನಿಷನ್ ಲಾಕ್ ಸಿಲಿಂಡರ್ ಬಿಚ್ಚುವುದು ಹೇಗೆ?

ಮಲ್ಪೆ ಪಿಕಪ್:
ಮಲ್ಪೆ ಬಂದರಿನಿಂದ ಮಂಗಳೂರಿಗೆ ಮೀನು ಸಾಗಿಸುವ ಗಾಡಿ ನಮ್ಮದು. ಹಳೇ ಪಿಕಪ್, ಕೀಯಲ್ಲಿ ಚಿಪ್ ಇಲ್ಲ. ಕೀ ತಿರುಗಿಸುವಾಗ ಸಿಕ್ಕಿಕೊಳ್ಳುತ್ತದೆ. ಒಂಚೂರು ಹೊರಗೆ ಎಳೆದು ಅಲ್ಲಾಡಿಸಿದರೆ ತಿರುಗುತ್ತದೆ. ಬೆಳಗಿನ ಜಾವ ಐಸ್ ತುಂಬಿಸಿ ಹೊರಡುವ ಹೊತ್ತಿಗೆ ಹೀಗಾದರೆ ಮೀನು ಹಾಳು. ಹೊಸ ಸಿಲಿಂಡರ್ ತಂದಿದ್ದೇನೆ, ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿದ್ದೇನೆ. ಆದರೆ ಹಳೇದು ಎಳೆದರೆ ಬರುವುದಿಲ್ಲ. ಡ್ರಿಲ್ ಹಾಕಬೇಕು ಎನ್ನುತ್ತಾರೆ. ಬೇರೆ ದಾರಿ ಇಲ್ವಾ?

ಸಂತೆಕಟ್ಟೆ ಎಲೆಕ್ಟ್ರಿಷಿಯನ್:
ಡ್ರಿಲ್ ಬೇಡ ಮಾರಾಯ್ರೆ. ಕೀ ಇನ್ನೂ ತಿರುಗುತ್ತದಲ್ವಾ, ಹಾಗಾದರೆ ಸುಲಭ ಉಂಟು.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಏರ್‌ಬ್ಯಾಗ್ ಇದ್ದರೆ ಸ್ವಲ್ಪ ಹೊತ್ತು ಕಾಯಲೇಬೇಕು, ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಆಮೇಲೆ ಕೀಯನ್ನು ಎಸಿಸಿಗೆ, ಅಂದರೆ ಲಾಕ್ ಬಿಟ್ಟು ಮುಂದಿನ ಮೊದಲ ಹಂತಕ್ಕೆ, ತಿರುಗಿಸಿ. ಲಾಕ್ ಕೂರುವ ಹೌಸಿಂಗಿನ ಬದಿಯಲ್ಲೋ ಕೆಳಗೋ ಸಣ್ಣ ತೂತು ಉಂಟಾ ನೋಡಿ. ಅದರೊಳಗೆ ಸ್ಪ್ರಿಂಗ್ ಪಿನ್ ಇರುತ್ತದೆ. ಸಿಲಿಂಡರನ್ನು ಹಿಡಿದಿರುವುದೇ ಆ ಪಿನ್. ಹೆಚ್ಚಿನ ಗಾಡಿಗಳಲ್ಲಿ ಕೀ ಲಾಕ್‌ನಲ್ಲಿದ್ದರೆ ಅದು ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ, ಎಸಿಸಿಯಲ್ಲೇ ಜಾಗ ಸಿಗುವುದು. ತೆಳ್ಳಗಿನ ಪಂಚ್‌ನಿಂದ (ಕಬ್ಬಿಣದ ಕಡ್ಡಿ) ಪಿನ್ ಒತ್ತಿ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಕೀ ಹಿಡಿದು ನೇರ ಎಳೆಯಿರಿ.

ಮೀನಿನ ಗಾಡಿಯಲ್ಲಿ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿರುತ್ತದೆ. ಒದ್ದೆ ಕೈ, ಉಪ್ಪು ನೀರು, ಬಂದರಿನ ಗಾಳಿ, ಎಲ್ಲಾ ಸೇರಿ ಹಾಗಾಗುವುದು. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ, ಬೋಟು ಇಳಿಯುವುದಿಲ್ಲ, ಗಾಡಿಯೂ ಮಳೆಯಲ್ಲಿ ಸುಮ್ನೆ ನಿಂತಿರುತ್ತದೆ. ಆಗಸ್ಟಿನಲ್ಲಿ ನನ್ನ ಹತ್ತಿರ ಇದೇ ದೂರು ಜಾಸ್ತಿ. ತೂತಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯಿರಿ. ಸುತ್ತಿಗೆ ಮಾತ್ರ ಮುಟ್ಟಬೇಡಿ.

ತೂತೇ ಇಲ್ಲ, ಬದಲಿಗೆ ತಲೆ ಇಲ್ಲದ ಬೋಲ್ಟ್ ಕಾಣುತ್ತದೆ ಎಂದಾದರೆ ನಿಮ್ಮ ಗಾಡಿಯಲ್ಲಿ ಇಡೀ ಲಾಕ್ ಹೌಸಿಂಗೇ ಬಿಚ್ಚಬೇಕು. ಆ ಬೋಲ್ಟ್ ಬಿಗಿ ಮಾಡುವಾಗ ತಲೆ ಮುರಿಯುವ ಹಾಗೇ ಮಾಡಿರುತ್ತಾರೆ, ಕಳ್ಳನಿಗೆ ಸ್ಪ್ಯಾನರ್ ಹಿಡಿಯಬಾರದು ಅಂತ. ಅದನ್ನು ಗ್ಯಾರೇಜಿಗೇ ಬಿಡಿ.

ಹಂಪನಕಟ್ಟೆ ಕೀ ಅಂಗಡಿ:
ಬಿಚ್ಚುವ ಮೊದಲು ಗಾಡಿ ಜೊತೆ ಬಂದ ಎರಡನೇ ಕೀ ಹಾಕಿ ನೋಡಿದ್ರಾ? ದಿನಾ ಬಳಸುವ ಕೀ ಸವೆದಿರುತ್ತದೆ. ಅದರಿಂದಲೇ ಡುಪ್ಲಿಕೇಟ್ ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಮತ್ತೆ ಹೊಸ ಸಿಲಿಂಡರ್ ಹಾಕಿದರೆ ಬಾಗಿಲಿಗೊಂದು, ಸ್ಟಾರ್ಟಿಗೊಂದು ಕೀ ಆಗುತ್ತದೆ. ಹೊಸದರ ಒಳಗಿನ ತಗಡುಗಳನ್ನು ಹಳೇ ಕೀಗೆ ಹೊಂದಿಸಬಹುದು, ಆರ್‌ಸಿ ತನ್ನಿ. ಕೀ ಹಾಕುವ ತೂತಿನೊಳಗೆ ಎಣ್ಣೆ ಬಿಡಬೇಡಿ, ಧೂಳು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಸಾಕು.

ಮಲ್ಪೆ ಪಿಕಪ್:
ಎರಡನೇ ಕೀಯೂ ಸಿಕ್ಕಿಕೊಳ್ಳುತ್ತದೆ. ತೂತು ಉಂಟು, ಸ್ಪ್ರೇ ಹೊಡೆದು ಎಸಿಸಿಗಿಟ್ಟು ಒತ್ತಿದೆ, ಪೂರ್ತಿ ಹೊರಗೆ ಬಂತು! ತುಂಬಾ ಉಪಕಾರ ಅಣ್ಣ. ಹೊಸದನ್ನು ಹಾಗೇ ತಳ್ಳಿದರೆ ಸಾಕಾ?

ಸಂತೆಕಟ್ಟೆ ಎಲೆಕ್ಟ್ರಿಷಿಯನ್:
ಇದನ್ನೂ ಎಸಿಸಿಗೇ ಇಟ್ಟು ಪಿನ್ ಒತ್ತಿ ತಳ್ಳಿ, ಟಕ್ ಅಂತ ಕೂರುತ್ತದೆ. ಕವರ್ ಹಾಕುವ ಮೊದಲು ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿ. ನಿಂತ ಗಾಡಿಯಲ್ಲೇ ಕೀ ತೆಗೆದು ಸ್ಟೇರಿಂಗ್ ಲಾಕ್ ಬೀಳುತ್ತದಾ, ಕೀ ತಿರುಗಿಸಿದಾಗ ಪೂರ್ತಿ ಬಿಡುತ್ತದಾ ಅಂತ ನಾಲ್ಕೈದು ಸಲ ನೋಡಿ. ಒಂದು ಸಲ ಅನುಮಾನ ಬಂದರೂ ಹೈವೇಗೆ ಇಳಿಸಬೇಡಿ, ಅಂಗಡಿಗೆ ಟೋ ಮಾಡಿಸಿ ತನ್ನಿ.