ಚನ್ನಪಟ್ಟಣದ ಗೊಂಬೆ: ಸಾಮಗ್ರಿ ನಿಸರ್ಗದ್ದಾದರೆ ಸಾಕೇ?

ಪ್ರಶ್ನೆ
ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಲೆಯ ಮೂಲಕವೇ ಪರಿಸರದ ಪಾಠ ಹೇಳಬೇಕೆಂದು, 2005-06ರಲ್ಲಿ ಭೌಗೋಳಿಕ ಸೂಚಕದ (ಇಂಥ ಊರಿನದೇ ವಿಶೇಷ ವಸ್ತು ಎಂಬ ಗುರುತಿನ) ಮಾನ್ಯತೆ ಪಡೆದ ಚನ್ನಪಟ್ಟಣದ ಗೊಂಬೆಗಳನ್ನು ಆರಿಸಿಕೊಂಡಿದ್ದೇನೆ. ಮರ, ಅರಗು, ಬಣ್ಣ ಎಲ್ಲವೂ ನಿಸರ್ಗದಿಂದ ಬಂದವು ಎಂದ ಮಾತ್ರಕ್ಕೆ ಈ ಕಲೆ ಪರಿಸರಕ್ಕೆ ಹೊರೆಯಲ್ಲ ಎನ್ನಬಹುದೇ? ಯಾವ ತತ್ತ್ವವನ್ನಿಟ್ಟುಕೊಂಡು ಇದನ್ನು ಅಳೆಯಬೇಕು?

ಉತ್ತರ 1
ಹಾಗೆ ಹೇಳಲಾಗದು. ಎಷ್ಟು ತೆಗೆದುಕೊಳ್ಳುತ್ತೇವೆ, ಅದು ಎಷ್ಟು ಬೇಗ ಮತ್ತೆ ಬೆಳೆಯುತ್ತದೆ ಎಂಬುದನ್ನು ನೋಡಬೇಕು. ಗೊಂಬೆಗೆ ಬಳಸುವ ಹಾಲೆ ಮರ ಈ ಲೆಕ್ಕದಲ್ಲಿ ಒಳ್ಳೆಯ ಆಯ್ಕೆ. ಬುಡ ಉಳಿಸಿ ಕಡಿದರೆ ಕೂಳೆಯಿಂದ ಮತ್ತೆ ಚಿಗುರುತ್ತದೆ. ಬಿಳಿಯ, ನಯವಾದ ಕಟ್ಟಿಗೆ ಸಣ್ಣ ಗಾತ್ರದಲ್ಲೇ ಕಡೆತಕ್ಕೆ (ತಿರುಗಿಸುತ್ತ ಕೆತ್ತಿ ರೂಪ ಕೊಡುವುದಕ್ಕೆ) ಒದಗುವುದರಿಂದ ಹೆಮ್ಮರ ಉರುಳಿಸಬೇಕಾಗಿಲ್ಲ. ಆದರೆ ಚಿಗುರನ್ನು ದನಕರು ಮೇಯದಂತೆ ಕಾಯುವವರಿಲ್ಲದಿದ್ದರೆ ಈ ಗುಣವಿದ್ದೂ ಫಲವಿಲ್ಲ.

ಉತ್ತರ 2
ಮರಕ್ಕಿಂತ ಅರಗಿನಲ್ಲಿ ಕಲಿಯುವುದು ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ. ಲೇತಿನಲ್ಲಿ ತಿರುಗುವ ಕಟ್ಟಿಗೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಹರಡಿಕೊಳ್ಳುತ್ತದೆ, ಬಳಿಕ ಕೇದಿಗೆಯ ಎಲೆಯಿಂದ ಉಜ್ಜಿದಾಗ ಹೊಳಪೇರುತ್ತದೆ. ಈ ಅರಗು ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳಲ್ಲಿ ರಸ ಹೀರಿ ಬದುಕುವ ಪುಟ್ಟ ಕೀಟದ ಸ್ರಾವ. ಜಾರ್ಖಂಡ್, ಛತ್ತೀಸ್‌ಗಢಗಳಲ್ಲಿ ಹೇರಳವಾಗಿ ಬೆಳೆಯುತ್ತಾರೆ. ಅಲ್ಲಿನ ರೈತರು ಮರಿಹುಳು ಹೊರಡಲಿರುವ ಕೆಲವು ರೆಂಬೆಗಳನ್ನು ಬಿತ್ತನೆಗೆಂದು ತೆಗೆದಿರಿಸಿ, ಬೇರೆ ಮರಗಳಿಗೆ ಕಟ್ಟಿ, ಕೊಯ್ದ ಮರಕ್ಕೆ ಬಿಡುವು ಕೊಡುತ್ತಾರೆ. ಬೆಲೆ ಏರಿತೆಂದು ಎಲ್ಲವನ್ನೂ ಕೆರೆದು ಮಾರಿದರೆ ಮುಂದಿನ ಬೆಳೆಗೆ ಹುಳುವೇ ಇರುವುದಿಲ್ಲ. ಚನ್ನಪಟ್ಟಣದ ಕುಶಲಕರ್ಮಿಯ ಕೆಲಸ ಅಷ್ಟು ದೂರದ ಆ ಸಂಯಮವನ್ನು ನಂಬಿದೆ ಎಂಬುದನ್ನು ಮಕ್ಕಳಿಗೆ ಖಂಡಿತ ಹೇಳಿ.

ಉತ್ತರ 3
ಬಣ್ಣದ ಬಗ್ಗೆ ಒಂದು ಮಾತು. ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ; ಅದಕ್ಕಾಗಿ ರಾಸಾಯನಿಕ ಬಣ್ಣಕ್ಕೆ ಹೊರಳುವುದಕ್ಕಿಂತ, ಮಾಸಿದ ಬುಗುರಿಯನ್ನು ಮತ್ತೆ ಲೇತಿಗೆ ಏರಿಸಿ ಹೊಸ ಅರಗು ಹಚ್ಚುವ ರೂಢಿ ಬೆಳೆಸುವುದೇ ಲೇಸು. ತರಗತಿಯಲ್ಲಿ ಒಂದು ಹಳದಿ ಬುಗುರಿಯ ಅರ್ಧಕ್ಕೆ ಕಾಗದ ಸುತ್ತಿ ಕಿಟಕಿಯ ಬಿಸಿಲಿನಲ್ಲಿಡಿ. ಕೆಲವು ವಾರಗಳ ಬಳಿಕ ಕಾಗದ ಬಿಚ್ಚಿದರೆ ವ್ಯತ್ಯಾಸವನ್ನು ಮಕ್ಕಳೇ ಗುರುತಿಸುತ್ತಾರೆ.