ಕಾರು ತಾಗಿದ್ದು, ಆಸ್ಪತ್ರೆಯಲ್ಲಿ ‘ನಾನೇ ಬಿದ್ದೆ’ ಅಂತ ಹೇಳಿಬಿಟ್ಟೆ, ಈಗ ಎಂತ ಮಾಡುದು?

ಕುಳೂರು_ಸೈಕಲ್:

ಎಲ್ಲರಿಗೂ ನಮಸ್ಕಾರ. ಒಂದೇ ಕೈಯಲ್ಲಿ ಟೈಪ್ ಮಾಡ್ತಾ ಇದ್ದೇನೆ, ಅದೂ ಬಲಗೈಯಲ್ಲಿ, ನಾನು ಎಡಗೈಯವ. ತಪ್ಪಿದ್ರೆ ಸುಧಾರಿಸಿಕೊಳ್ಳಿ.

ನಾನು ಮಂಗಳೂರಲ್ಲಿ ದಿನಾ ಕುಳೂರಿಂದ ಲಾಲ್‌ಬಾಗ್ ಹತ್ತಿರ ಆಫೀಸಿಗೆ ಸೈಕಲಲ್ಲೇ ಹೋಗುದು, ಎರಡು ವರ್ಷ ಆಯ್ತು. ಕೊಟ್ಟಾರ ಚೌಕಿವರೆಗೆ ಹೈವೇ, ಅಲ್ಲಿಂದ ಉರ್ವಸ್ಟೋರ್, ಲೇಡಿಹಿಲ್, ಅರ್ಧ ಗಂಟೆ ಸಾಕು. 11 ದಿನದ ಹಿಂದೆ ಬೆಳಿಗ್ಗೆ 8 ಗಂಟೆ ಹತ್ತಿರ ಹತ್ತಿರ, ಉರ್ವಸ್ಟೋರ್ ಕಳೆದು ಸ್ವಲ್ಪ ಮುಂದೆ ಬಂದಿದ್ದೆ, ಹಿಂದಿನಿಂದ ಒಂದು ಬಿಳಿ ಕಾರು ನನ್ನನ್ನು ಓವರ್‌ಟೇಕ್ ಮಾಡಿ ಸೀದಾ ಹೋಗ್ತದೆ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಇಂಡಿಕೇಟರ್ ಇಲ್ಲ ಎಂತ ಇಲ್ಲ ಎಡಕ್ಕೆ ಒಳರಸ್ತೆಗೆ ತಿರುಗಿಸಿಬಿಟ್ಟರು. ಬ್ರೇಕ್ ಹಿಡಿದೆ, ರಾತ್ರಿ ಮಳೆ ಬಂದಿತ್ತು, ಚಕ್ರ ಜಾರಿ ಅವರ ಎಡಬದಿಯ ಮಿರರಿಗೆ ಹ್ಯಾಂಡಲ್ ತಾಗಿ ನಾನು ಎಡ ಭುಜ ಕೊಟ್ಟು ಬಿದ್ದೆ. ಮಿರರ್ ಮುರಿದು ರಸ್ತೆಯಲ್ಲಿತ್ತು. ‘ಟಕ್’ ಅಂತ ಒಂದು ಶಬ್ದ ಬಂತು, ಅದು ಹೆಲ್ಮೆಟಿಂದು ಅಂತ ಅಂದುಕೊಂಡಿದ್ದೆ, ನನ್ನ ಎಲುಬಿಂದು.

ಕಾರಿನವರು ಇಳಿದು ಬಂದರು, 60ರ ಹತ್ತಿರದ ಪ್ರಾಯ, ಮರ್ಯಾದಸ್ಥರೇ. ಅವರೇ ಕೂರಿಸಿಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದರು. ದಾರಿಯಲ್ಲಿ “ಪೊಲೀಸ್ ಗಿಲೀಸ್ ಬೇಡ ಮಗಾ, ಖರ್ಚು ಎಷ್ಟಾದ್ರೂ ನಾನು ಕೊಡ್ತೇನೆ, ಪೊಕ್ಕಡೆ ರಗಳೆ ಯಾಕೆ” ಅಂದ್ರು. ಕೌಂಟರಲ್ಲಿ ಹೇಗಾಯ್ತು ಅಂತ ಕೇಳಿದಾಗ ಅವರು ಪಕ್ಕದಲ್ಲೇ ನಿಂತಿದ್ರು, ನನಗೆ ಮುಖದಾಕ್ಷಿಣ್ಯ, ಸೈಕಲಿಂದ ಬಿದ್ದೆ ಅಂತ ಹೇಳಿಬಿಟ್ಟೆ. ಅವತ್ತು ಎಕ್ಸ್‌ರೇ, ಸ್ಲಿಂಗ್, ಮಾತ್ರೆ ಅಷ್ಟೇ. ಅವರು 5,000 ಗೂಗಲ್ ಪೇ ಮಾಡಿದ್ರು.

ಮೊನ್ನೆ ರಿವ್ಯೂಗೆ ಹೋದ್ರೆ ಕಾಲರ್‌ಬೋನಿನ ತುಂಡು ಜರುಗಿದೆ, ಪ್ಲೇಟ್ ಹಾಕ್ಬೇಕು ಅಂತ ಡಾಕ್ಟರ್. ಲೆಕ್ಕ ಲಕ್ಷದ ಮೇಲೆ ಹೋಗ್ತದೆ. ಅಂಕಲಿಗೆ ಫೋನ್ ಮಾಡಿದೆ. ಮೊದಲ ಸಲ “ನೋಡುವ” ಅಂದ್ರು, ಎರಡನೇ ಸಲ “ನೀವೇ ರಸ್ತೆ ಮಧ್ಯಕ್ಕೆ ಬಂದದ್ದಲ್ವಾ” ಅಂದ್ರು, ಈಗ ತೆಗೀತಾನೇ ಇಲ್ಲ.

ನಾನು ಅಂಚಿಂದ ಒಂದು ಮೀಟರ್ ಬಿಟ್ಟು ಹೋಗ್ತಿದ್ದದ್ದು ಹೌದು. ಕಾಂಕ್ರೀಟ್ ಮುಗಿದು ಇಂಟರ್‌ಲಾಕ್ ಶುರುವಾಗುವಲ್ಲಿ ಎರಡು ಬೆರಳು ಇಳಿಯುವ ಸಂದು ಉಂಟು, ಅದಕ್ಕೆ ಟಯರ್ ಇಳಿದ್ರೆ ಮತ್ತೆ ಮೇಲೆ ಬರ್ಲಿಕ್ಕೆ ಬಿಡುದಿಲ್ಲ, ಒಮ್ಮೆ ಬಿದ್ದು ಕಲಿತದ್ದು.

ಇಷ್ಟು ದಿನ ಆದ ಮೇಲೆ ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದಾ? 5,000 ತಗೊಂಡದ್ದಕ್ಕೆ ರಾಜಿ ಆದ ಹಾಗೆ ಲೆಕ್ಕವಾ? ಸಂಬಳ ಹೇಳಿಕೊಳ್ಳುವಷ್ಟಿಲ್ಲ, ಪಿಎಫ್, ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಟ್ ಆಗಿ ಕೈಗೆ ಬರುದು 17 ಚಿಲ್ಲರೆ. ಮಂಡೆ ಬಿಸಿಯಾಗಿದೆ.

—

ಬನ್ಸ್_ಭಾಜಿ:

ಅಯ್ಯೋ ಮಾರಾಯ. ಮುಖದಾಕ್ಷಿಣ್ಯ ನಮ್ಮ ಊರಿನವರ ಕಾಯಿಲೆ. ನಾನಾದ್ರೂ ಹಾಗೇ ಹೇಳ್ತಿದ್ದೆನೋ ಏನೋ.

ಆದ್ರೆ ಒಂದು ಮಾತು, ಕೋರ್ಟು ಕಚೇರಿ ಅಂತ ಹೊರಟ್ರೆ ವರ್ಷಗಟ್ಟಲೆ. ಯಾರಾದ್ರೂ ದೊಡ್ಡವರನ್ನು ಕರ್ಕೊಂಡು ಅವರ ಮನೆಗೆ ಹೋಗಿ ಕೂತು ಮಾತಾಡಿ. ಒಂದು 50 ಸಾವಿರ ಕೊಟ್ರೂ ಮುಗಿಸಿಬಿಡಿ.

—

ಗುಮಾಸ್ತ_ಅಣ್ಣ:

ಮೇಲಿನವರು ಹೇಳಿದ ಹಾಗೆ ಮನೆಗೆ ಹೋಗಿ ಕೂರ್ಬೇಡಿ ದಯವಿಟ್ಟು. ಆಪರೇಷನ್ ಆಗದೆ, ಕೈ ಎಷ್ಟು ಎತ್ತಲಿಕ್ಕೆ ಬರ್ತದೆ ಅಂತ ಗೊತ್ತಾಗದೆ 50 ಸಾವಿರಕ್ಕೆ ಪೇಪರಲ್ಲಿ ಸೈನ್ ಹಾಕಿದ್ರೆ ಮತ್ತೆ ಅದೇ ಪೇಪರ್ ನಿಮ್ಮ ಕುತ್ತಿಗೆಗೆ. ನಾನು ವಕೀಲನಲ್ಲ, ವಕೀಲರ ಆಫೀಸಲ್ಲಿ 14 ವರ್ಷದಿಂದ ಆಕ್ಸಿಡೆಂಟ್ ಫೈಲ್ ಹೊತ್ತವ.

ಕಂಪ್ಲೇಂಟ್ ಕೊಡ್ಲಿಕ್ಕೆ ಆಗ್ತದೆ. ತಡ ಆಯ್ತು ಅಂತ ಮಾತ್ರಕ್ಕೆ ಪರಿಹಾರದ ಕೇಸ್ ಬಿದ್ದು ಹೋಗುದಿಲ್ಲ, 2011ರಲ್ಲಿ ರವಿ ವರ್ಸಸ್ ಬದ್ರಿನಾರಾಯಣ್ ಅಂತ ಸುಪ್ರೀಂ ಕೋರ್ಟ್ ತೀರ್ಪೇ ಉಂಟು. ತಡ ಯಾಕೆ ಆಯ್ತು ಅಂತ ನಂಬುವ ಹಾಗೆ ಹೇಳ್ಬೇಕು ಅಷ್ಟೇ. ನಿಮ್ಮದು ನಂಬುವ ಕಾರಣವೇ. “ಖರ್ಚು ಕೊಡ್ತೇನೆ ಅಂದ್ರು, ಅವರೇ ಕರ್ಕೊಂಡು ಹೋದರು, ಅದಕ್ಕೆ ಹಾಗೆ ಹೇಳಿದೆ, ಈಗ ಫೋನ್ ತೆಗೀತಿಲ್ಲ” ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. 5,000 ತಗೊಂಡದ್ದು ರಾಜಿ ಅಲ್ಲ. ನಿಜ ಹೇಳ್ಬೇಕಂದ್ರೆ ಆ ಗೂಗಲ್ ಪೇ ಮೆಸೇಜೇ ನಿಮಗೆ ಸಾಕ್ಷಿ. ಏನೂ ಆಗದಿದ್ರೆ ಗುರುತಿಲ್ಲದ ಮನುಷ್ಯ ಅವತ್ತೇ ಬೆಳಿಗ್ಗೆ ನಿಮಗೆ 5,000 ಯಾಕೆ ಹಾಕ್ತಾನೆ?

ನಿಮಗೆ ದೊಡ್ಡ ತೊಂದರೆ ಆಸ್ಪತ್ರೆಯ ಆ ಒಂದು ಸಾಲು. ಕೇಸ್ ಶೀಟಲ್ಲಿ ‘ಸೆಲ್ಫ್ ಫಾಲ್’ ಅಂತ ಬರ್ದಿರ್ತಾರೆ, ಇನ್ಶೂರೆನ್ಸ್ ಕಂಪೆನಿಯ ವಕೀಲರು ಮೊದಲು ಬಿಡಿಸುದೇ ಆ ಪುಟ. ನಾನು ನೋಡಿದ ಹಾಗೆ ನಿಜವಾದ ಆಕ್ಸಿಡೆಂಟ್ ಆಗಿಯೂ ಆ ಎರಡು ಶಬ್ದದಿಂದ ಸೋತವರು ಸುಮಾರು ಜನ. ಹಾಗಂತ ಹಳೆ ದಾಖಲೆ ತಿದ್ದಿಸ್ಲಿಕ್ಕೆ ಮಾತ್ರ ಹೋಗ್ಬೇಡಿ, ತಿದ್ದಿದ್ದು ಗೊತ್ತಾದ್ರೆ ಇದ್ದದ್ದೂ ಹೋಯ್ತು. ಅಡ್ಮಿಟ್ ಆಗುವ ಮೊದಲು ಡಾಕ್ಟರಿಗೆ ನಿಜ ಹೇಳಿ, ಅವತ್ತಿನ ತಾರೀಕಿನಲ್ಲಿ ಹೊಸದಾಗಿ ಬರೆದುಕೊಳ್ಳಲಿ, ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ತಿಳಿಸ್ಬೇಕಾದ ಕೇಸ್ ಅಂತ ದಾಖಲೆ, ಮಾಡಿ ಸ್ಟೇಷನಿಗೆ ತಿಳಿಸಲಿ.

ನಾಳೆಯೇ ಮಾಡ್ಬೇಕಾದ್ದು ಸಿಸಿಟಿವಿ. ಅಂಗಡಿಯವರದ್ದು ಹೆಚ್ಚಾಗಿ 15 ದಿನಕ್ಕೋ ತಿಂಗಳಿಗೋ ಅದರಷ್ಟಕ್ಕೇ ಅಳಿಸಿ ಹೋಗ್ತದೆ, ನಿಮ್ಮದು 11 ದಿನ ಕಳೀತು. ಹತ್ತಿರದ ಎಲ್ಲ ಅಂಗಡಿಗೂ ಹೋಗಿ ಕೇಳಿ. ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಚಾಲ್ತಿ ಉಂಟಾ ಅಂತ ಕಾಣ್ತದೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸೈಕಲ್ ರಿಪೇರಿಗೆ ಕೊಡ್ಬೇಡಿ, ಹಾಗೇ ಇರ್ಲಿ. ಆ ಕಾಂಕ್ರೀಟ್ ಸಂದಿನ ಫೋಟೋ ಕೂಡ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ‘ರಸ್ತೆ ಮಧ್ಯ ಬಂದ’ ಅಂತ ಅವರು ಹೇಳುದು ನಿಮ್ಮ ಮೇಲೂ ಇಷ್ಟು ಪರ್ಸೆಂಟ್ ತಪ್ಪು ಅಂತ ಹಾಕಿ ಪರಿಹಾರ ಕಡಿಮೆ ಮಾಡ್ಲಿಕ್ಕೆ, ಅದಕ್ಕೆ ಉತ್ತರ ಆ ಫೋಟೋ.

ಎಲುಬು ಮುರಿದ್ರೆ ಕಾನೂನಲ್ಲಿ ಅದು ತೀವ್ರ ಗಾಯ. ಎಫ್‌ಐಆರ್ ಸಾಮಾನ್ಯ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 281 ಮತ್ತು 125ರಲ್ಲಿ ಆಗ್ತದೆ, ಕಾಪಿ ಉಚಿತ, ಕೇಳಿ ತಗೊಳ್ಳಿ. ಕ್ಲೇಮ್ ಮೋಟಾರು ವಾಹನ ಕಾಯ್ದೆ 166ರಲ್ಲಿ, ನೀವು ವಾಸ ಇರುವ ಊರಿನ ಆಕ್ಸಿಡೆಂಟ್ ಪರಿಹಾರದ ಟ್ರಿಬ್ಯೂನಲಲ್ಲೇ ಹಾಕ್ಬಹುದು. 2022 ಏಪ್ರಿಲ್ 1ರಿಂದ, ಆಕ್ಸಿಡೆಂಟ್ ಆದ 6 ತಿಂಗಳ ಒಳಗೆ ಕ್ಲೇಮ್ ಹಾಕ್ಬೇಕು ಅಂತ ಗಡುವು ಬಂದಿದೆ, ಅದನ್ನು ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದ್ದಾರೆ, ಆದ್ರೆ ಅದನ್ನು ನಂಬಿ ಕೂರ್ಬೇಡಿ. 164 ಅಂತ ಇನ್ನೊಂದು ದಾರಿ ಉಂಟು, ತಪ್ಪು ಯಾರದ್ದು ಅಂತ ನೋಡದೆ ತೀವ್ರ ಗಾಯಕ್ಕೆ 2.5 ಲಕ್ಷ, ಆದ್ರೆ ಅದನ್ನು ತಗೊಂಡ್ರೆ 166 ಬಿಡ್ಬೇಕು. ಯಾವುದು ಅಂತ ವಕೀಲರ ಹತ್ತಿರ ಕೂತು ನಿಶ್ಚಯ ಮಾಡಿ. ಮತ್ತೆ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ’ ಅನ್ನುವವರು ಸಿಗ್ತಾರೆ, ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ.

—

ಹಳೆ_ಆಲ್ಟೋ:

ಬೈಬೇಡಿ, ನಾನು ಆಚೆ ಬದಿಯಲ್ಲಿ ನಿಂತವ. ಮೂರು ವರ್ಷದ ಹಿಂದೆ ಸಂತೆಕಟ್ಟೆ ಹತ್ತಿರ ನನ್ನ ಕಾರು ಒಬ್ಬ ಸೈಕಲ್ ಹುಡುಗನಿಗೆ ತಾಗಿತ್ತು, ಅವನ ಮುಂಗೈ ಮುರಿದಿತ್ತು. ನಾನೂ ಸುರುವಿಗೆ ಇದೇ ಡೈಲಾಗ್ ಹೊಡೆದವ, ‘ಪೊಲೀಸ್ ಬೇಡ, ನಾನು ನೋಡ್ಕೊಳ್ತೇನೆ’. ಹೆದರಿಕೆ ಅಷ್ಟೇ. ಕಾರು ಸ್ಟೇಷನಲ್ಲಿ ಹಾಕ್ತಾರೆ, ಲೈಸೆನ್ಸ್ ಹೋಗ್ತದೆ, ಇಷ್ಟು ಪ್ರಾಯಕ್ಕೆ ಕೋರ್ಟ್ ಹತ್ತುದು, ಹೆಂಡತಿ ಮನೆಯವರಿಗೆ ಗೊತ್ತಾಗ್ತದೆ, ಇದೆಲ್ಲ.

ಹುಡುಗನ ಅಮ್ಮ ಬಿಡ್ಲಿಲ್ಲ, ಕಂಪ್ಲೇಂಟ್ ಕೊಟ್ಟರು. ಆದದ್ದು ಎಂತ ಅಂದ್ರೆ ಜಾಮೀನು ಸ್ಟೇಷನಲ್ಲೇ ಸಿಕ್ತು, ಇನ್ಸ್‌ಪೆಕ್ಟರ್ ಬಂದು ಬ್ರೇಕ್ ಎಲ್ಲ ನೋಡಿ ಹೋದ ಮೇಲೆ ಕಾರು ಬಿಟ್ಟರು, ಕೋರ್ಟಲ್ಲಿ ತಪ್ಪು ಒಪ್ಪಿ ದಂಡ ಕಟ್ಟಿದೆ. ಹುಡುಗನ ಪರಿಹಾರ ಪೂರ್ತಿ ಇನ್ಶೂರೆನ್ಸಿನವರು ಕೊಟ್ಟರು, ನನ್ನ ಕೈಯಿಂದ ಒಂದು ರೂಪಾಯಿ ಹೋಗ್ಲಿಲ್ಲ. ವರ್ಷ ವರ್ಷ ಪ್ರೀಮಿಯಂ ಕಟ್ಟುದು ಇದಕ್ಕೇ ಅಲ್ವಾ? ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರೆ ಪ್ರೀಮಿಯಮಲ್ಲಿ ಸಿಗುವ ರಿಯಾಯಿತಿ) ಹೋಗ್ತದೆ ಅಂತ ನನ್ನ ಭಾವ ಹೆದರಿಸಿದ್ದ, ಥರ್ಡ್ ಪಾರ್ಟಿ, ಅಂದ್ರೆ ಹೊರಗಿನವರಿಗೆ ಆದ ನಷ್ಟದ ಕ್ಲೇಮಿಗೂ ಅದಕ್ಕೂ ಸಂಬಂಧ ಇಲ್ಲ. ಸೈಕಲಿನ ಡ್ಯಾಮೇಜ್ ಕೂಡ ಅದರಲ್ಲೇ ಕೇಳ್ಬಹುದು.

ಆ ಅಂಕಲಿಗೆ ಜಗಳದ ಮೆಸೇಜ್ ಹಾಕ್ಬೇಡಿ. “ನಿಮ್ಮ ದುಡ್ಡು ಬೇಡ, ನಿಮ್ಮ ಇನ್ಶೂರೆನ್ಸಿಗೆ ತಿಳಿಸಿ, ನಾನು ಕಂಪ್ಲೇಂಟ್ ಕೊಡ್ತೇನೆ” ಅಂತ ವಾಟ್ಸಾಪಲ್ಲಿ ಮರ್ಯಾದೆಯಲ್ಲಿ ಒಂದು ಸಾಲು ಹಾಕಿ. ಬ್ಲೂ ಟಿಕ್ ಬಂದ್ರೂ ಅದು ಒಂದು ದಾಖಲೆ. ಹಾಗೆ ನೋಡಿದ್ರೆ 24 ಗಂಟೆಯ ಒಳಗೆ ಪೊಲೀಸರಿಗೆ ತಿಳಿಸ್ಬೇಕಾದ್ದು ಡ್ರೈವರಿನ ಕರ್ತವ್ಯ, ಸೆಕ್ಷನ್ 134, ನನಗೆ ಸ್ಟೇಷನಲ್ಲಿ ಚೆನ್ನಾಗಿ ಓದಿ ಹೇಳಿದ್ರು.

—

ಸುಮ್ಮನೆ_ಪೆಡಲ್:

ಗುಮಾಸ್ತಣ್ಣ ಎಲ್ಲ ಹೇಳಿದ್ರು, ಇಎಸ್‌ಐ ಒಂದು ಬಿಟ್ಟರು. ಮನೆಯಿಂದ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಆದ ಆಕ್ಸಿಡೆಂಟನ್ನೂ ಕೆಲಸದಲ್ಲಿ ಆದ ಗಾಯ ಅಂತಲೇ ಲೆಕ್ಕಕ್ಕೆ ತಗೊಳ್ಳುವ ಹಾಗೆ 2010ರಲ್ಲಿ ತಿದ್ದುಪಡಿ ಆಗಿದೆ. ಹೊತ್ತು, ಜಾಗ, ದಾರಿ ಕೆಲಸಕ್ಕೆ ಸಂಬಂಧ ಇರ್ಬೇಕು ಅಷ್ಟೇ, ನಿಮ್ಮದು ಸೀದಾ ಆಫೀಸ್ ದಾರಿ. ಕೆಲಸಕ್ಕೆ ಹೋಗ್ಲಿಕ್ಕಾಗದ ದಿನಕ್ಕೆ ಸರಾಸರಿ ದಿನಗೂಲಿಯ 90% ಬರ್ತದೆ. ಆಫೀಸಿಗೆ ಬರವಣಿಗೆಯಲ್ಲಿ ತಿಳಿಸಿ, ಅವರು ಆಕ್ಸಿಡೆಂಟ್ ರಿಪೋರ್ಟ್ ಹಾಕ್ಬೇಕು. ಆಪರೇಷನ್ ಎಲ್ಲಿ ಮಾಡಿಸುದು ಅಂತ ನಿಶ್ಚಯ ಮಾಡುವ ಮೊದಲೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಅವರು ರೆಫರ್ ಮಾಡುವ ಆಸ್ಪತ್ರೆಯಲ್ಲಾದ್ರೆ ನಿಮ್ಮ ಕೈಯಿಂದ ಲಕ್ಷ ಹೋಗ್ಲಿಕ್ಕಿಲ್ಲ. ನೀವು ಕೇಳದೇ ಇದ್ದದ್ದು ಇದನ್ನೇ, ಮೊದಲು ಕೇಳ್ಬೇಕಾದ್ದೂ ಇದನ್ನೇ.

ಮತ್ತೆ ಆ ಹೆಲ್ಮೆಟ್ ಪುನಃ ಹಾಕ್ಬೇಡಿ, ಹೊರಗೆ ಏನೂ ಕಾಣದಿದ್ರೂ ಒಳಗಿನ ಥರ್ಮೋಕೋಲ್ ಒಮ್ಮೆ ಪೆಟ್ಟು ತಿಂದ್ರೆ ಮುಗೀತು. ಬಿಸಾಡ್ಲಿಕ್ಕೂ ಬೇಡ, ಅದೂ ಸಾಕ್ಷಿ.

ಅಂಚಿಂದ ಒಂದು ಮೀಟರ್ ಬಿಟ್ಟು ಹೋದದ್ದು ಸರಿಯೇ. ನಮ್ಮ ಬಸ್ಸಿನವರು ‘ರೈಟ್ ಪೋಯಿ’ (ರೈಟ್, ಹೋಗುವ) ಅಂತ ಹಿಂದಿಂದ ಒತ್ತುವಾಗ ಅಂಚಿಗೆ ಹೋದವರೇ ಆ ಸಂದಿಗೆ ಬೀಳುದು.

—

ಸಿಸ್ಟರ್_ಮಣಿಪಾಲ:

ನಾನು ಆರ್ಥೋ ವಾರ್ಡಲ್ಲಿ ಇರುವವಳು. ತಮ್ಮಾ, ರಾತ್ರಿ ಚಪ್ಪಟೆ ಮಲಗ್ಬೇಡ, ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಮಲಗು, ಆ ಕೈಯ ಅಡಿಗೆ ಸಣ್ಣದೊಂದು ದಿಂಬು. ಅಂಗಿ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಕೊನೆಗೆ. ಬೆರಳು, ಮಣಿಕಟ್ಟು ಆಡಿಸ್ತಾ ಇರು. ಬೆರಳು ಜೋಮು ಹಿಡಿದ್ರೆ, ತಣ್ಣಗಾದ್ರೆ, ಎಲುಬಿನ ತುದಿ ಚರ್ಮವನ್ನು ಮೇಲೆ ಒತ್ತಿ ಬೆಳ್ಳಗೆ ಕಂಡ್ರೆ ರಿವ್ಯೂ ದಿನಕ್ಕೆ ಕಾಯ್ಬೇಡ, ಕೂಡಲೇ ಬಾ.

ಮತ್ತೆ ಹಿಸ್ಟರಿ ಬಗ್ಗೆ. ಕೌಂಟರಲ್ಲಿ ಪಕ್ಕದಲ್ಲಿ ಯಾರೋ ನಿಂತು ‘ಬಿದ್ದದ್ದು ಸಿಸ್ಟರೇ’ ಅಂತ ಇವರಿಗಿಂತ ಮೊದಲು ಉತ್ತರ ಹೇಳುದು ನಾವು ವಾರಕ್ಕೊಂದಾದ್ರೂ ನೋಡ್ತೇವೆ. ನಿಜ ಗೊತ್ತಾಗ್ತದೆ, ಆದ್ರೆ ಪೇಷಂಟ್ ಬಾಯಿ ಬಿಡದೆ ನಾವು ಎಂತ ಬರೆಯುದು ಹೇಳು.

—

ಬನ್ಸ್_ಭಾಜಿ:

ಸರಿ, ನನ್ನ 50 ಸಾವಿರದ ಮಾತು ವಾಪಸ್. ಇಎಸ್‌ಐ ವಿಷಯ ನನಗೂ ಗೊತ್ತಿರಲಿಲ್ಲ, ನನ್ನದೂ ಕಟ್ ಆಗ್ತದೆ.

—

ಕುಳೂರು_ಸೈಕಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದು ದಿನ ಬಿಟ್ಟು ಬರೀತಾ ಇದ್ದೇನೆ.

ಮರುದಿನ ಬೆಳಿಗ್ಗೆಯೇ ಅಣ್ಣನ ಸ್ಕೂಟರಲ್ಲಿ ಹೋಗಿ ನಾಲ್ಕು ಅಂಗಡಿ ಕೇಳಿದೆ. ಎರಡರಲ್ಲಿ ಕ್ಯಾಮರಾ ಸುಮ್ಮನೆ ಹೆದರಿಸ್ಲಿಕ್ಕೆ ಇಟ್ಟದ್ದಂತೆ, ವಯರೇ ಇಲ್ಲ. ಒಂದರಲ್ಲಿ ಅಳಿಸಿ ಹೋಗಿತ್ತು. ತಿರುವಿನ ಎದುರಿನ ಹೋಟೆಲಿನವರ ಹತ್ತಿರ ಇತ್ತು. ದೂರದಿಂದ ತೆಗೆದದ್ದು, ನನ್ನ ಮುಖ ಗೊತ್ತಾಗುದಿಲ್ಲ, ಆದ್ರೆ ಕಾರು ನನ್ನನ್ನು ದಾಟಿ ಎಡಕ್ಕೆ ತಿರುಗುದು, ಇಂಡಿಕೇಟರ್ ಉರಿಯದೇ ಇರುದು ಕಾಣ್ತದೆ. ನಾನು ಬಿದ್ದದ್ದು ನೋಡುವಾಗ ಹೊಟ್ಟೆಯೊಳಗೆ ಒಂಥರಾ ಆಯ್ತು, ಎರಡನೇ ಸಲ ನೋಡ್ಲಿಲ್ಲ. ಹೋಟೆಲಿನವರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ತೊಟ್ಟೆ ತಂದು ಕೊಟ್ಟರು, ಅದರಲ್ಲಿ ಮಿರರಿನ ತುಂಡು. “ಯಾರಾದ್ರೂ ಕೇಳಿಕೊಂಡು ಬರ್ತಾರೆ ಅಂತ ಗೊತ್ತಿತ್ತು” ಅಂದ್ರು.

ಸ್ಟೇಷನಲ್ಲಿ ಮೊದಲು ಇಷ್ಟು ದಿನ ಎಲ್ಲಿದ್ರಿ ಅಂತ ಸ್ವಲ್ಪ ಜೋರು ಮಾಡಿದ್ರು, ವೀಡಿಯೊ ನೋಡಿದ ಮೇಲೆ ಬರೆದುಕೊಂಡ್ರು. ಎಫ್‌ಐಆರ್ ಆಗಿದೆ. ಸ್ಥಳ ಮಹಜರಿಗೆ ಬಂದವರು ಆ ಸಂದಿಗೆ ಟೇಪ್ ಹಿಡಿದ್ರು, 4 ಸೆಂಟಿಮೀಟರ್. ಹಳೆ ಆಲ್ಟೋ ಅಣ್ಣ ಹೇಳಿದ ಹಾಗೆ ಮೆಸೇಜ್ ಹಾಕಿದ್ದೆ, ಅಂಕಲ್ ಎರಡು ದಿನ ಬಿಟ್ಟು ಅವರಾಗಿಯೇ ಪಾಲಿಸಿಯ ಫೋಟೋ ಕಳಿಸಿದ್ರು, ಬೇರೆ ಒಂದು ಅಕ್ಷರ ಇಲ್ಲ.

ಇಎಸ್‌ಐಯಿಂದ ರೆಫರಲ್ ಸಿಕ್ಕಿದೆ, ಆಪರೇಷನ್ ಗುರುವಾರ. ಅಡ್ಮಿಷನ್ ಕೌಂಟರಲ್ಲಿ ಹೇಗಾಯ್ತು ಅಂತ ಪುನಃ ಕೇಳಿದ್ರು. ಅಣ್ಣ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ.