ಮೆಥೊಟ್ರೆಕ್ಸೇಟ್ ಸಾಕಾಗುತ್ತಿಲ್ಲ, ಅಬಟಾಸೆಪ್ಟ್ ತಗೊಂಡವರು ಇದ್ದೀರಾ?

ಬಿಗಿಬೆರಳು: ನನಗೆ 41. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹವೇ ತನ್ನ ಕೀಲುಗಳನ್ನು ಕಡಿಯುವ ಕಾಯಿಲೆ, ಬಂದು ಆರು ವರ್ಷ. ರಕ್ತದಲ್ಲಿ ಈ ಕಾಯಿಲೆಯನ್ನು ತೋರಿಸುವ ಆಂಟಿಬಾಡಿ, ಆಂಟಿ ಸಿಸಿಪಿ, ತುಂಬಾ ಜಾಸ್ತಿ. ವಾರಕ್ಕೆ 20 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ನುಂಗಿದರೂ ಬೆಳಿಗ್ಗೆ ಎರಡು ಗಂಟೆ ಬೆರಳು ಮಡಚಲು ಆಗುವುದಿಲ್ಲ. ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಒಂದು, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಅಡಲಿಮುಮ್ಯಾಬ್. ಇನ್ನೊಂದು, ರೋಗನಿರೋಧಕ ಕೋಶಗಳಿಗೆ ಬ್ರೇಕ್ ಹಾಕುವ ಸಿಟಿಎಲ್‌ಎ-4 ಪ್ರೋಟೀನಿನಿಂದ ಮಾಡಿದ ಅಬಟಾಸೆಪ್ಟ್. ನನ್ನದು ಧೂಳಿನ ಕೆಲಸ, ಕೆಮ್ಮು ಆಗಾಗ ಬರುತ್ತದೆ. ನೀವು ಯಾವುದು ತಗೊಂಡಿರಿ, ಗುಣ ಕಾಣಲು ಎಷ್ಟು ದಿನ ಬೇಕಾಯಿತು?

ಮೂವತ್ತೆಂಟು ಸೂಜಿ: ಅಬಟಾಸೆಪ್ಟ್, ವಾರಕ್ಕೊಂದು, 125 ಮಿಲಿಗ್ರಾಂ. ಒಟ್ಟು 38. ಪ್ರತಿಯೊಂದಕ್ಕೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ: ಎಡತೊಡೆ, ಬಲತೊಡೆ, ಹೊಟ್ಟೆ. ಮೂರು ತಿಂಗಳು ಏನೂ ಇಲ್ಲ. ‘ಇದು ನಿಧಾನದ ಔಷಧಿ, ಕಾಯಿರಿ’ ಅಂದರು. ಕಾದೆ. ನಾಲ್ಕನೇ ತಿಂಗಳು ಉರಿಯೂತ ಅಳೆಯುವ ರಕ್ತಪರೀಕ್ಷೆ ಇಎಸ್‌ಆರ್ 62ರಿಂದ 40ಕ್ಕೆ ಇಳಿಯಿತು, ಆ ರಿಪೋರ್ಟ್ ಹಿಡಿದುಕೊಂಡು ಅತ್ತುಬಿಟ್ಟೆ. ಆರನೇ ತಿಂಗಳು ಮತ್ತೆ 58. ಒಂಬತ್ತನೇ ತಿಂಗಳ ಎಕ್ಸ್‌ರೇ ನೋಡಿದರೆ ಬಲಗೈ ನಡುಬೆರಳ ಬುಡದಲ್ಲಿ ಇಲಿ ಕಡಿದ ಹಾಗೆ ಮೂಳೆ ಸವೆದಿತ್ತು. ಹಿಂದಿನ ವರ್ಷದ್ದರಲ್ಲಿ ಅದು ಇರಲಿಲ್ಲ. ಮನೆಗೆಂದು ಕೂಡಿಟ್ಟ ಠೇವಣಿ ಮುರಿದು ತಗೊಂಡ ಔಷಧಿ ಅದು. ಹೋದ ದುಡ್ಡು ಮತ್ತೆ ದುಡಿಯಬಹುದು, ಸವೆದ ಮೂಳೆ ಬರುವುದಿಲ್ಲ.

ಎರಡು ವಾರಕ್ಕೊಮ್ಮೆ: ನನ್ನದು ಅಡಲಿಮುಮ್ಯಾಬ್, 40 ಮಿಲಿಗ್ರಾಂ, ಈಗ ಐದನೇ ವರ್ಷ. ಶುರುವಿಗೇ ಅಡ್ಡಿ. ಟಿಬಿ ಪರೀಕ್ಷೆ ಪಾಸಿಟಿವ್ ಬಂತು. ಕೆಮ್ಮಿಲ್ಲ, ಜ್ವರ ಇಲ್ಲ, ಒಳಗೆ ಮಲಗಿರುವ ಟಿಬಿ. ಟಿಎನ್‌ಎಫ್ ತಡೆದರೆ ಅದು ಏಳಬಹುದು ಅಂತ ಐಸೋನಯಾಜಿಡ್ ಕೊಟ್ಟರು. ಅದೂ ಮೆಥೊಟ್ರೆಕ್ಸೇಟೂ ಸೇರಿ, ಲಿವರಿಗೆ ಪೆಟ್ಟು ಬಿದ್ದರೆ ಏರುವ ಎಸ್‌ಜಿಪಿಟಿ 140ಕ್ಕೆ ಹೋಯಿತು. ಎರಡನ್ನೂ ನಿಲ್ಲಿಸಿ, ಮೂರು ವಾರ ಬಿಟ್ಟು, ಒಂದೊಂದೇ ಮತ್ತೆ ಶುರು. ಆ ಮೂರು ವಾರ ಬಾಗಿಲ ಚಿಲಕ ತೆಗೆಯಲೂ ಮಗನನ್ನು ಕರೆಯುತ್ತಿದ್ದೆ. ಎರಡನೇ ಸೂಜಿಯಾದ ಮೇಲೆ ಒಂದು ದಿನ ಒದ್ದೆ ಟವೆಲನ್ನು ನಾನೇ ಹಿಂಡಿದೆ, ನೀರು ಕೆಳಗೆ ಬೀಳುವುದನ್ನು ನೋಡುತ್ತಾ ನಿಂತೆ. ಮೂವತ್ತೆಂಟು ಸೂಜಿಯವರೇ, ಅಷ್ಟು ದಿನ ಯಾಕೆ ಕಾದಿರಿ? ಆರನೇ ತಿಂಗಳಿಗೇ ಬದಲಾಯಿಸಬೇಕಿತ್ತು.

ಮೂವತ್ತೆಂಟು ಸೂಜಿ: ಕಾದದ್ದು ನನ್ನ ತಪ್ಪಾ? ನಿಮಗೆ ಎರಡೇ ಸೂಜಿಗೆ ಹಿಡಿಯಿತು, ಅದು ನಿಮ್ಮ ಪುಣ್ಯ. ಹಿಡಿಯದವರಿಗೆ ಬುದ್ಧಿ ಹೇಳಬೇಡಿ.

ಮಗಳ ಅಮ್ಮ: ಅಬಟಾಸೆಪ್ಟನ್ನು ಸುಮ್ನೆ ಬಯ್ಯುವುದನ್ನು ನೋಡಿ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಪ್ಲೇಟ್ಲೆಟ್ 9,000ಕ್ಕೆ ಬಿತ್ತು. ಆಮೇಲೆ ನಿಲ್ಲದ ಭೇದಿ. ಗುಲ್ಮ ಊದಿಕೊಂಡಿತು. ಎರಡು ವರ್ಷ ಸ್ಟಿರಾಯ್ಡ್ ತಿಂದು ಮುಖ ಉಬ್ಬಿ, ಶಾಲೆಯ ಫೋಟೋಗೆ ನಿಲ್ಲಲು ಒಪ್ಪಲಿಲ್ಲ. ನಾಲ್ಕನೇ ಡಾಕ್ಟರು ಜೀನ್ ಪರೀಕ್ಷೆ ಬರೆದುಕೊಟ್ಟರು. ಸಿಟಿಎಲ್‌ಎ-4 ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತ್ತು. ಈ ಕಾಯಿಲೆಯನ್ನು ವೈದ್ಯರು ಗುರುತಿಸಿ ಬರೆದದ್ದೇ 2014ರಲ್ಲಿ.

ಟಿ ಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಕೆರಳಲು ಎರಡು ಸೂಚನೆ ಬೇಕು. ಎರಡನೆಯದು ಅದರ ಮೈಮೇಲಿನ ಸಿಡಿ28 ಹೋಗಿ ಬೇರೆ ಕೋಶದ ಮೇಲಿನ ಸಿಡಿ80, ಸಿಡಿ86ನ್ನು ಹಿಡಿದಾಗ ಸಿಗುತ್ತದೆ. ಸಿಟಿಎಲ್‌ಎ-4 ಅದೇ ಜಾಗವನ್ನು ಇನ್ನೂ ಬಿಗಿಯಾಗಿ ಹಿಡಿದು ಸೂಚನೆಯನ್ನೇ ತಡೆಯುತ್ತದೆ. ಆ ಪ್ರೋಟೀನಿನ ಹೊರಭಾಗಕ್ಕೆ ಆಂಟಿಬಾಡಿಯ ಬಾಲ ಜೋಡಿಸಿದರೆ ಅದೇ ಅಬಟಾಸೆಪ್ಟ್. ಮಗಳಿಗೆ ಯಾವುದು ಸಾಲದೋ ಅದನ್ನೇ ಹೊರಗಿನಿಂದ ಕೊಟ್ಟ ಹಾಗಾಯಿತು. ಹನ್ನೊಂದನೇ ವಾರಕ್ಕೆ ಭೇದಿ ನಿಂತಿತು. ನಿಧಾನ, ನಿಜ. ಆದರೆ ಕಾದದ್ದಕ್ಕೆ ಮಗಳು ಸಿಕ್ಕಳು.

ಅಪ್ಪನ ಮಗ: ಅಕ್ಕಾ, ಅದೇ ಪ್ರೋಟೀನು ನಮ್ಮ ಮನೆಯಲ್ಲಿ ಬೇರೆ ಆಟ ಆಡಿತು. ಅಪ್ಪನಿಗೆ ಮೆಲನೋಮ, ಒಂದು ಬಗೆಯ ಚರ್ಮದ ಕ್ಯಾನ್ಸರ್. ಇಪಿಲಿಮುಮ್ಯಾಬ್ ಕೊಟ್ಟರು. ಅದು ಸಿಟಿಎಲ್‌ಎ-4ನ್ನು ಕಟ್ಟಿಹಾಕಿ ಟಿ ಕೋಶಗಳನ್ನು ಗಡ್ಡೆಯ ಮೇಲೆ ಬಿಡುವ ಔಷಧಿ. ಮೂರನೇ ಡ್ರಿಪ್ ಆದ ಮೇಲೆ ದಿನಕ್ಕೆ ಹದಿನಾಲ್ಕು ಸಲ ಭೇದಿ, ರಕ್ತ ಬೇರೆ. ಪಕ್ಕದಲ್ಲಿ ಕೂತು ಚೀಟಿಯ ಮೇಲೆ ಗೆರೆ ಎಳೆದು ಎಣಿಸುತ್ತಿದ್ದೆ. ಸ್ಟಿರಾಯ್ಡಿಗೆ ನಿಲ್ಲಲಿಲ್ಲ. ಕೊನೆಗೆ ನಿಲ್ಲಿಸಿದ್ದು ಇನ್‌ಫ್ಲಿಕ್ಸಿಮ್ಯಾಬ್, ಅದೂ ಟಿಎನ್‌ಎಫ್ ತಡೆಯುವುದೇ. ನನ್ನನ್ನು ಕೇಳಿದರೆ ಟಿಎನ್‌ಎಫ್ ದಾರಿಯೇ ಸರಿ.

ಮಗಳ ಅಮ್ಮ: ನಿಮ್ಮ ಅಪ್ಪನಿಗೆ ಬ್ರೇಕ್ ಕಿತ್ತರು, ನನ್ನ ಮಗಳಿಗೆ ಬ್ರೇಕ್ ಹಾಕಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ತಮ್ಮಾ.

ಎರಡು ವಾರಕ್ಕೊಮ್ಮೆ: ಬ್ರೇಕ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಹಾಗಿದ್ದರೆ ಕರುಳಿನ ಕಾಯಿಲೆಗಳಾದ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ಗೂ ಅಬಟಾಸೆಪ್ಟ್ ಕೆಲಸ ಮಾಡಬೇಕಿತ್ತು ಅಲ್ವಾ? ಪ್ರಯೋಗ ಮಾಡಿ ನೋಡಿದರು, ಫಲ ಸಿಗಲಿಲ್ಲ. 2012ರಲ್ಲೇ ಪ್ರಕಟವಾಗಿದೆ.

ಮಗಳ ಅಮ್ಮ: ನಾನು ಹೇಳಿದ್ದು ನನ್ನ ಮಗಳ ಕಾಯಿಲೆಯ ಮಾತು. ಕೀಲಿನ ಮಾತು ಬೇಕಾದರೆ ಆಂಪಲ್ ಅಧ್ಯಯನ ಓದಿ. 646 ಜನ, ಎರಡು ವರ್ಷ, ಅಬಟಾಸೆಪ್ಟ್ ಮತ್ತು ಅಡಲಿಮುಮ್ಯಾಬ್ ಎದುರುಬದುರು. ಎರಡೂ ಹೆಚ್ಚುಕಮ್ಮಿ ಸಮ. ಆಂಟಿ ಸಿಸಿಪಿ ತೀರಾ ಜಾಸ್ತಿ ಇದ್ದವರಿಗೆ ಅಬಟಾಸೆಪ್ಟ್ ಇನ್ನೂ ಚೆನ್ನಾಗಿ ಹಿಡಿದಿತ್ತು.

ಮೂವತ್ತೆಂಟು ಸೂಜಿ: ನನ್ನ ಆಂಟಿ ಸಿಸಿಪಿಯೂ ತೀರಾ ಜಾಸ್ತಿಯೇ ಇತ್ತು. ಆ ಲೆಕ್ಕ ತೋರಿಸಿಯೇ ನನಗೆ ಕೊಟ್ಟದ್ದು.

ತಾಳ್ಮೆ: ನಾನು ಎರಡನ್ನೂ ತಗೊಂಡಿಲ್ಲ. 2025ರ ವೈದ್ಯಕೀಯ ನೊಬೆಲ್ ಯಾರಿಗೆ ಬಂತು ನೋಡಿ: ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ. ದೇಹ ತನ್ನನ್ನೇ ಕಡಿಯದಂತೆ ಕಾಯುವ ಟಿ ಕೋಶಗಳನ್ನು ಸಕಾಗುಚಿ 1995ರಲ್ಲೇ ತೋರಿಸಿದ್ದರು. ಆ ಕೋಶಗಳನ್ನು ನಡೆಸುವುದು ಫಾಕ್ಸ್‌ಪಿ3 ಎಂಬ ಪ್ರೋಟೀನು. ಅವನ್ನೇ ಬೆಳೆಸಿ ರೋಗಿಗೆ ಕೊಡುವ ಪ್ರಯೋಗಗಳು ನಡೆಯುತ್ತಿವೆ. ಅದು ಬರಲಿ ಅಂತ ಮೆಥೊಟ್ರೆಕ್ಸೇಟ್ ಮೇಲೇ ತಳ್ಳುತ್ತಿದ್ದೇನೆ.

ಎರಡು ವಾರಕ್ಕೊಮ್ಮೆ: ದಯವಿಟ್ಟು ಹೀಗೆ ಬರೆಯಬೇಡಿ. ಪ್ರಯೋಗ ಮುಗಿಯುವ ತನಕ ಕೀಲು ಕಾಯುವುದಿಲ್ಲ. ನೋವು ಕಮ್ಮಿ ಇದ್ದರೂ ಒಳಗೆ ಸವೆಯುತ್ತಿರುತ್ತದೆ. ಕೊನೇ ಎಕ್ಸ್‌ರೇ ಯಾವಾಗ ತೆಗೆಸಿದಿರಿ?

ತಾಳ್ಮೆ: ಮೂರು ವರ್ಷ ಆಯಿತು.

ಎರಡು ವಾರಕ್ಕೊಮ್ಮೆ: ಈ ವಾರವೇ ತೆಗೆಸಿ. ಜಗಳ ಆಮೇಲೆ.

ಬಿಗಿಬೆರಳು: ಎಲ್ಲರಿಗೂ ನಮಸ್ಕಾರ. ನನ್ನ ಕೆಮ್ಮಿನ ವಿಷಯ ಯಾರೂ ಹೇಳಲಿಲ್ಲ.

ಮೂವತ್ತೆಂಟು ಸೂಜಿ: ನನಗೆ ಶುರುಮಾಡುವ ಮುಂಚೆ ನಳಿಗೆಯಲ್ಲಿ ಊದಿಸಿ ಶ್ವಾಸಕೋಶ ನೋಡಿದ್ದರು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಇದ್ದವರಿಗೆ ಅಬಟಾಸೆಪ್ಟಿನಿಂದ ಉಸಿರಿನ ತೊಂದರೆ ಜಾಸ್ತಿಯಾದದ್ದಿದೆ. ಧೂಳಿನ ಕೆಲಸ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಆ ಪರೀಕ್ಷೆ ಮಾಡಿಸಿಕೊಳ್ಳಿ. ಟಿಬಿ ಪರೀಕ್ಷೆ ಹೇಗೂ ಎರಡಕ್ಕೂ ಬೇಕು. ಇನ್ನೂ ಹೇಳುವುದಿದೆ, ನಾಳೆ ಬರೆಯುತ್ತೇನೆ. ಇವತ್ತು ಮಣಿಕಟ್ಟು ಊದಿದೆ, ಒಂದೇ ಬೆರಳಲ್ಲಿ ಒತ್ತುತ್ತಿದ್ದೇನೆ.